ಗಂಟೆ ಜೀನ್

ಹೆರಿಗೆ ಆಸ್ಪತ್ರೆಗೆ ಜನ ಹೋಗುವುದು ಹುಟ್ಟಿದ ಮಗುವನ್ನು ನೋಡಲಿಕ್ಕೆ. ಅಕ್ಕ ಹೋಗುತ್ತಿದ್ದದ್ದು ಮಗು ಬಿಟ್ಟು ಬಂದದ್ದನ್ನು ತರಲಿಕ್ಕೆ. ತಿಂಗಳುಗಟ್ಟಲೆ ಮಗುವನ್ನೂ ಅದರ ಸುತ್ತಲಿನ ನೀರನ್ನೂ ಹಿಡಿದಿಟ್ಟುಕೊಂಡ ಗರ್ಭದ ಪೊರೆ, ಕೆಲಸ ಮುಗಿದ ಕೂಡಲೇ ಮಗುವನ್ನು ಪೋಷಿಸಿದ ಮಾಸಿನ ಜೊತೆ ಸ್ಟೀಲ್ ಬೇಸಿನ್ನಿಗೆ ಬಿದ್ದು ಯಾರಿಗೂ ಬೇಡವಾಗುತ್ತದೆ. ಅಕ್ಕನಿಗೆ ಅದೇ ಬೇಕು. ಐಸ್ ತುಂಬಿದ ಡಬ್ಬಿ ಹಿಡಿದು ಅವಳು ವಾರ್ಡಿನ ಓಣಿಯಲ್ಲಿ ಅವಸರವಾಗಿ ನಡೆದರೆ, ಬೆಂಚಿನ ಮೇಲೆ ಕಾದು ಕೂತ ಗಂಡಂದಿರು ಯಾರಿಗೋ ಊಟ ಬಂತು ಅಂದುಕೊಂಡು ಕಾಲು ಮಡಚಿ ದಾರಿ ಬಿಡುತ್ತಿದ್ದರು. ಅಕ್ಕ ಅವರ ನಂಬಿಕೆ ಕೆಡಿಸಲು ಹೋಗುತ್ತಿರಲಿಲ್ಲ.

ವಾರ್ಡಿನವರು ಅವಳನ್ನು ಅಕ್ಕ ಎನ್ನುತ್ತಿದ್ದರು, ಲ್ಯಾಬಿನವರೂ ಅಕ್ಕ ಎನ್ನುತ್ತಿದ್ದರು. ಹಾಗೆ ಕರೆಯಬೇಕಾದ ಒಬ್ಬಳೇ ಒಬ್ಬ ತಂಗಿ ಮಾತ್ರ 'ಏ ಇವಳೇ' ಎನ್ನುತ್ತಿದ್ದಳು. ಅಮ್ಮ ಹೋದ ಮೇಲೆ ತಂಗಿಯ ಜಡೆ ಹೆಣೆದು, ಶಾಲೆಗೆ ಕಳಿಸಿ, ಮದುವೆ ಮಾಡಿಕೊಟ್ಟದ್ದಕ್ಕೆ ಅಕ್ಕನಿಗೆ ಸಿಕ್ಕಿದ ಮರ್ಯಾದೆ ಅಷ್ಟು.

ಅಕ್ಕ ಉತ್ತರ ಹುಡುಕುತ್ತಿದ್ದ ಪ್ರಶ್ನೆ ಕೇಳಲಿಕ್ಕೆ ಸುಲಭ. ದಿನ ತುಂಬಿದ ಮೇಲೆ ಹರಿಯಬೇಕಾದ ಪೊರೆ ಕೆಲವರಲ್ಲಿ ಎಷ್ಟೋ ಮೊದಲೇ ಯಾಕೆ ಹರಿಯುತ್ತದೆ? ಪೊರೆಯ ಒಂದೊಂದು ಜೀವಕೋಶದಲ್ಲೂ ಸಾವಿರಾರು ಜೀನ್‌ಗಳಿರುತ್ತವೆ. ಅವೆಲ್ಲ ಒಟ್ಟಿಗೆ ದುಡಿಯುವುದಿಲ್ಲ. ಕಚೇರಿಗಳಲ್ಲಿರುವಂತೆ ಕೆಲವು ಎದ್ದಿರುತ್ತವೆ, ಉಳಿದವು ಕೂತಲ್ಲೇ ನಿದ್ದೆ ಹೊಡೆಯುತ್ತವೆ. ಹೆರಿಗೆ ಹತ್ತಿರ ಬಂದಾಗ ಯಾವುವೋ ಕೆಲವು ಎಚ್ಚೆತ್ತು, ಅಷ್ಟು ದಿನ ಗಟ್ಟಿಯಾಗಿದ್ದ ಪೊರೆಯನ್ನು ಸಡಿಲಿಸುತ್ತವೆ. ಅವಧಿಗೆ ಮುಂಚೆ ಅವನ್ನು ಎಬ್ಬಿಸುವವರು ಯಾರು ಎಂಬುದು ವಿಜ್ಞಾನಿಗಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಬಂಧುಬಳಗಕ್ಕೆ ಮಾತ್ರ ಚೆನ್ನಾಗಿ ಗೊತ್ತಿತ್ತು: ಮೆಟ್ಟಿಲು ಹತ್ತಿದ್ದು, ಕೈ ಮೇಲೆತ್ತಿದ್ದು, ತಣ್ಣೀರು ಕುಡಿದದ್ದು, ಸಿಟ್ಟು ಮಾಡಿಕೊಂಡದ್ದು. ಇದಾವುದೂ ಸಿಗದಿದ್ದರೆ ಸೊಸೆ ಕೆಲಸಕ್ಕೆ ಹೋದದ್ದು.

ಲ್ಯಾಬಿನ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಸರ್ ಎನ್ನುತ್ತಿದ್ದರು. ಅವರು ಲ್ಯಾಬಿನೊಳಗೆ ಕಾಲಿಟ್ಟು ಎಷ್ಟೋ ಕಾಲವಾಗಿತ್ತು. ಅಲ್ಲಿನ ವಾಸನೆ ಅವರಿಗೆ ಆಗುತ್ತಿರಲಿಲ್ಲ. ಆದರೆ ಫಲಿತಾಂಶದ ವಾಸನೆ ಮೂರು ಮಹಡಿ ಆಚೆಯಿಂದಲೂ ಹತ್ತುತ್ತಿತ್ತು. ಒಂದು ದಿನ ಅಕ್ಕ ತನ್ನ ಕಂಪ್ಯೂಟರಿನಲ್ಲಿ ಹೊಸ ಚಿತ್ರ ತೆರೆದು ಕೂತಿದ್ದಾಗ ಅವರು ಹಿಂದೆ ಬಂದು ನಿಂತರು. ದಿನ ತುಂಬಿ ಹುಟ್ಟಿದ ಮಕ್ಕಳ ಪೊರೆಯಲ್ಲಿ ಒಂದು ಜೀನ್ ಸುಮ್ಮನೆ ಬಿದ್ದಿತ್ತು. ಬೇಗ ಹುಟ್ಟಿದ ಮಕ್ಕಳ ಪೊರೆಯಲ್ಲಿ ಅದೇ ಜೀನ್ ಎದ್ದು ಕುಣಿಯುತ್ತಿತ್ತು.

"ಏನಿದರ ಹೆಸರು?" ಎಂದರು ದೊಡ್ಡ ಸರ್.

ಅಕ್ಕ ಹೇಳಿದಳು. ಕಾರಿನ ನಂಬರಿನಂತೆ ಅಕ್ಷರ, ಅಂಕಿ ಬೆರೆತ ಹೆಸರು.

"ಇದನ್ನ ಯಾರು ನೆನಪಿಟ್ಕೋತಾರೆ? ಗಂಟೆ ಜೀನ್ ಅನ್ನೋಣ. ಹೆರಿಗೆ ಟೈಮ್ ಬಂತು ಅಂತ ಬಾರಿಸೋ ಗಂಟೆ. ಕೆಲವರಲ್ಲಿ ಮೊದಲೇ ಬಾರಿಸಿಬಿಡತ್ತೆ. ಹೇಗಿದೆ?"

"ಸರ್, ಇದು ಹೆರಿಗೆ ಆದ ಮೇಲೆ ತಗೊಂಡಿರೋ ಪೊರೆ. ಗಂಟೆ ಬಾರಿಸಿದ್ದಕ್ಕೆ ಹೆರಿಗೆ ಆಯ್ತೋ, ಹೆರಿಗೆ ಆಗಿದ್ದಕ್ಕೆ ಗಂಟೆ ಬಾರಿಸ್ತೋ, ಇನ್ನೂ ನೋಡಬೇಕು."

"ನೋಡಿ, ನೋಡಿ. ನೋಡೋದು ಬೇಡ ಅಂದೋರು ಯಾರು?" ಎಂದು ಹೇಳಿ ದೊಡ್ಡ ಸರ್ ಕಾಯದೆ ಲೇಖನ ಕಳಿಸಿದರು.

ಲೇಖನ ಅಚ್ಚಾಯಿತು. ಟಿವಿಯವರು ಬಂದರು. ಲ್ಯಾಬಿನ ವಾಸನೆ ಆಗದ ದೊಡ್ಡ ಸರ್ ಆ ದಿನ ಹೊಸ ಬಿಳಿ ಕೋಟು ತೊಟ್ಟು ಲ್ಯಾಬಿನ ನಟ್ಟನಡುವೆ ನಿಂತರು. ಹಿಂದೆ ಏನಾದರೂ ನಡೆಯುತ್ತಿರಬೇಕು ಎಂದು ಕ್ಯಾಮೆರಾದವನು ಕೇಳಿದ್ದರಿಂದ, ಅಕ್ಕ ಖಾಲಿ ಕೊಳವೆಯಿಂದ ಇನ್ನೊಂದು ಖಾಲಿ ಕೊಳವೆಗೆ ಗಂಭೀರವಾಗಿ ಗಾಳಿ ಸುರಿಯುತ್ತಿದ್ದಳು. "ಇದು ವಂಶದಲ್ಲಿ ಬರುವಂಥದ್ದಾ ಸರ್?" ಎಂದು ಟಿವಿಯಾಕೆ ಕೇಳಿದಳು. ದೊಡ್ಡ ಸರ್ ಈ ಪ್ರಶ್ನೆ ಯೋಚಿಸಿರಲಿಲ್ಲ. "ಜೀನ್ ಅಂದಮೇಲೆ ವಂಶ ತಾನೇ?" ಎಂದು ನಕ್ಕರು. ಆ ಒಂದು ವಾಕ್ಯವನ್ನು ಟಿವಿಯವರು ದಿನವಿಡೀ ಪರದೆಯ ಕೆಳಗೆ ಓಡಿಸಿದರು.

ಓಡಿದ್ದನ್ನು ಓದಿದವರಲ್ಲಿ ತಂಗಿಯ ಅತ್ತೆಯೂ ಒಬ್ಬರು. ತಂಗಿ ಆಗ ಬಸುರಿ.

ತಂಗಿ ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಏಳನೇ ತಿಂಗಳು ನಡೆಯುತ್ತಿದ್ದಾಗ, ಒಂದು ಬೆಳಿಗ್ಗೆ ಅವಳು ವಯಸ್ಸಾದ ಗಿರಾಕಿಯೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುತ್ತಿದ್ದಳು. "ಕೊನೇ ಸಾಲು ಓದಿ" ಎನ್ನುತ್ತಿದ್ದಂತೆ ಕಾಲಡಿ ಬೆಚ್ಚಗೆ ಒದ್ದೆಯಾಯಿತು. ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು. ಗಿರಾಕಿ ಕೊನೆಯ ಸಾಲನ್ನು ತಪ್ಪಿಲ್ಲದೆ ಓದಿ ಮುಗಿಸಿ, ಹೊಗಳಿಕೆಗಾಗಿ ಕಾದರು. ಅದು ಬಾರದಿದ್ದಾಗ ಮೇಲಿನ ಸಾಲನ್ನೂ ಓದಿದರು.

ಅಕ್ಕನಿಗೆ ಫೋನ್ ಬಂತು. "ಅಕ್ಕಾ" ಎಂದಳು ತಂಗಿ. ಅಷ್ಟು ಕೇಳಿದ್ದೇ ಅಕ್ಕ ಡಬ್ಬಿ ಕೆಳಗಿಟ್ಟು ಎದ್ದಳು.

ಆಸ್ಪತ್ರೆ ಅಕ್ಕ ದಿನವೂ ಹೋಗುತ್ತಿದ್ದ ಆಸ್ಪತ್ರೆಯೇ. ಹೆರಿಗೆ ಡಾಕ್ಟರಮ್ಮ ನೋಡಿ, ನೀರು ಒಡೆದಿದೆ, ಆದಷ್ಟು ತಡೆಯೋಣ, ಮಗುವಿನ ಶ್ವಾಸಕೋಶ ಬಲಿಯಲು ಇಂಜೆಕ್ಷನ್ ಕೊಡೋಣ ಎಂದರು. ತಂಗಿಯ ಗಂಡ ಬಾಗಿಲ ಬಳಿ ಎರಡು ಕೈಯಲ್ಲೂ ಚಪ್ಪಲಿ ಹಿಡಿದು ನಿಂತಿದ್ದ. ಯಾರೋ ಚಪ್ಪಲಿ ಹೊರಗೆ ಬಿಡಿ ಎಂದದ್ದು ಅವನಿಗೆ ಅರ್ಧ ಮಾತ್ರ ಕೇಳಿಸಿತ್ತು. ಅತ್ತೆ ಅಕ್ಕನ ತೋಳು ಹಿಡಿದು ಪಕ್ಕಕ್ಕೆ ಕರೆದರು.

"ನೀನು ಇದನ್ನೇ ಓದಿರೋದಲ್ವೇನಮ್ಮ? ನಿಲ್ಲಿಸು ಮತ್ತೆ."

"ನಿಲ್ಲಿಸೋಕೆ ನನಗೆ ಬರಲ್ಲ ಅಮ್ಮ. ಯಾಕಾಗತ್ತೆ ಅಂತ ಹುಡುಕ್ತಿದ್ದೀನಿ ಅಷ್ಟೇ."

"ಇಷ್ಟು ವರ್ಷದಿಂದ?"

ಅಕ್ಕನ ಕೆಲಸದ ಬಗ್ಗೆ ದೊಡ್ಡ ದೊಡ್ಡ ಸಮಿತಿಗಳು ಪುಟಗಟ್ಟಲೆ ಬರೆದಿದ್ದವು. ಯಾವುದೂ ಇಷ್ಟು ಚೊಕ್ಕವಾಗಿರಲಿಲ್ಲ.

ಆಗಲೇ ದೊಡ್ಡ ಸರ್ ಫೋನ್ ಮಾಡಿದರು. "ನಿಮ್ಮ ತಂಗಿಗೆ ಹೀಗಾಯ್ತಂತೆ, ಬಹಳ ಬೇಜಾರಾಯ್ತು" ಎಂದರು. ಬೇಜಾರು ಮುಗಿಸಲು ಅವರಿಗೆ ಒಂದು ಉಸಿರು ಸಾಕಾಯಿತು. "ಏಳನೇ ತಿಂಗಳಾ? ಅಂಥ ಮಾದರಿ ಅಪರೂಪ. ಡಬ್ಬಿ ತಂದಿದ್ದೀರಿ ತಾನೇ?"

"ತಂದಿಲ್ಲ ಸರ್."

"ಕಳಿಸಿಕೊಡ್ಲಾ?"

ಅಕ್ಕ ಫೋನಿಟ್ಟಳು.

ಮರುದಿನ ಮಧ್ಯಾಹ್ನದವರೆಗೆ ತಡೆದರು, ಆಮೇಲೆ ತಡೆಯಲಾಗಲಿಲ್ಲ. ಡಾಕ್ಟರಮ್ಮ ಅಕ್ಕನನ್ನೂ ಒಳಗೆ ಬರಲು ಬಿಟ್ಟರು. ಹೆಣ್ಣು ಮಗು. ಒಂದು ಅಂಗೈಗೆ ಸ್ವಲ್ಪ ಹೆಚ್ಚು, ಎರಡು ಅಂಗೈಗೆ ಸ್ವಲ್ಪ ಕಡಿಮೆ. ಅಳಲಿಲ್ಲ, ಬೆಕ್ಕಿನ ಮರಿಯಂತೆ ಏನೋ ಅಂದಿತು. ಕೋಣೆಯಲ್ಲಿದ್ದವರೆಲ್ಲ ಒಮ್ಮೆಗೇ ಅದರ ಸುತ್ತ ಮುತ್ತಿದರು. ಬಟ್ಟೆ ಸುತ್ತಿದರು, ಮೂಗಿಗೆ ಕೊಳವೆ ಇಟ್ಟರು, ಚಕ್ರದ ಪೆಟ್ಟಿಗೆಯಲ್ಲಿ ಮಲಗಿಸಿ ಓಡಿದರು. ಡಾಕ್ಟರಮ್ಮ ತಂಗಿಯನ್ನು ನೋಡಿಕೊಂಡು, ಒಬ್ಬ ನರ್ಸನ್ನು ಬಿಟ್ಟು, ಮಗುವಿನ ಹಿಂದೆಯೇ ಹೋದರು. ಸ್ವಲ್ಪ ಹೊತ್ತಿಗೆ ಆ ನರ್ಸನ್ನೂ ಯಾರೋ ಕರೆದರು.

ಅಕ್ಕ ತಂಗಿಯ ಕೈ ಹಿಡಿದು ಕೂತಳು. ತಂಗಿ ಚಾವಣಿ ನೋಡುತ್ತಿದ್ದಳು. ಅಕ್ಕನ ಕಣ್ಣು ಅಭ್ಯಾಸಬಲದಿಂದ ಕಿಟಕಿಯ ಪಕ್ಕದ ಟ್ರಾಲಿಗೆ ಹೋಯಿತು. ಅಲ್ಲಿ ಸ್ಟೀಲ್ ಬೇಸಿನ್ ಇತ್ತು. ಬೇಸಿನ್ನಿನಲ್ಲಿ ಮಾಸು, ಅದರ ಅಂಚಿಗೆ ನೆನೆದ ತೆಳುಬಟ್ಟೆಯಂತೆ ಹರಿದ ಪೊರೆ. ಬಿಸಿಲು ನೇರ ಅದರ ಮೇಲೆ ಬೀಳುತ್ತಿತ್ತು. ಅದನ್ನು ಯಾರೂ ಮುಟ್ಟಲಿಲ್ಲ. ಹೊರಗೆ ಮಗು ಉಸಿರಾಡುತ್ತಿದೆಯೋ ಇಲ್ಲವೋ ಎನ್ನುವಾಗ ಅದನ್ನು ಮುಟ್ಟುವ ಬುದ್ಧಿ ಯಾರಿಗಾದರೂ ಬರಬೇಕಾದರೆ ಅವರು ದೊಡ್ಡ ಸರ್ ಆಗಿರಬೇಕು.

ನರ್ಸ್ ವಾಪಸ್ ಬರುವ ಹೊತ್ತಿಗೆ ಪೊರೆಯ ಅಂಚು ಒಣಗಿ ಬಣ್ಣ ಬದಲಾಗಿತ್ತು. "ಮಗು ಉಸಿರಾಡ್ತಿದೆ ಅಕ್ಕ, ಮೆಷಿನ್ ಹಾಕಿದ್ದಾರೆ" ಎಂದವಳು ಆಮೇಲೆ ಬೇಸಿನ್ ನೋಡಿ, "ಅಯ್ಯೋ, ಇದು ಇಲ್ಲೇ ಉಳೀತು. ನಿಮಗೆ ಎತ್ತಿಡ್ಲಾ?" ಎಂದಳು.

"ಬೇಡ" ಎಂದಳು ಅಕ್ಕ. ಆಮೇಲೆ ಕೇಳಿದಳು, "ಬೇಗ ಹುಟ್ಟಿದಾಗೆಲ್ಲ ಇದು ಹೀಗೇ ಕೂತಿರತ್ತಾ?"

"ಮತ್ತೆ? ಎಲ್ಲಾರೂ ಮಗು ಹಿಂದೆ ಓಡ್ತೀವಲ್ಲ. ಸಮಾಧಾನ ಆದ ಮೇಲೆ ನಿಮಗೆ ಫೋನ್ ಮಾಡ್ತೀವಿ."

ದಿನ ತುಂಬಿದ ಹೆರಿಗೆಯಾದರೆ ಮಗು ಚೆನ್ನಾಗಿ ಅಳುತ್ತದೆ, ಎಲ್ಲರೂ ನಗುತ್ತಾರೆ, ಯಾರೋ ಒಬ್ಬರು ಕೂಡಲೇ ಅಕ್ಕನಿಗೆ ಫೋನ್ ಮಾಡುತ್ತಾರೆ, ಪೊರೆ ಬಿಸಿಯಾಗಿರುವಾಗಲೇ ಐಸಿಗೆ ಬೀಳುತ್ತದೆ. ಬೇಗ ಹುಟ್ಟಿದ ಮಕ್ಕಳ ಪೊರೆ ಬೇಸಿನ್ನಿನಲ್ಲಿ ಕಾಯುತ್ತದೆ. ತಾನು ಹೋಲಿಸಿದ್ದು ಬೇಗ ಹುಟ್ಟಿದವರನ್ನು ದಿನ ತುಂಬಿ ಹುಟ್ಟಿದವರ ಜೊತೆಗೋ, ಅಥವಾ ಟ್ರಾಲಿಯ ಪೊರೆಯನ್ನು ಐಸಿನ ಪೊರೆಯ ಜೊತೆಗೋ? ತಂಗಿಯ ಕೈ ಹಿಡಿದುಕೊಂಡು ಇಂಥ ಹೊತ್ತಿನಲ್ಲಿ ಇಂಥ ಯೋಚನೆ ಮಾಡುತ್ತಿದ್ದೇನಲ್ಲ ಎಂದು ಅಕ್ಕನಿಗೆ ನಾಚಿಕೆಯಾಯಿತು. ಹಾಗಂತ ಯೋಚನೆ ನಿಲ್ಲಲಿಲ್ಲ.

ಸಂಜೆ ತಂಗಿಯನ್ನು ವಾರ್ಡಿನ ಮಂಚಕ್ಕೆ ತಂದರು. ಅತ್ತೆ ಮಂಚದ ಪಕ್ಕದಲ್ಲೇ ಕೂತು, ಅಕ್ಕನಿಗೆ ಹೇಳುವಂತೆ, ಆದರೆ ಇಡೀ ವಾರ್ಡಿಗೆ ಕೇಳುವಂತೆ ಶುರುಮಾಡಿದರು.

"ನಿಮ್ಮ ವಂಶದಲ್ಲೇ ಆ ಗಂಟೆ ಇದೆಯಂತಲ್ಲಮ್ಮ. ನಿಮ್ಮ ಸಾಹೇಬ್ರೇ ಟಿವೀಲಿ ಹೇಳಿದ್ರು. ಅದನ್ನ ಮೊದಲೇ ಹೇಳ್ಬಾರ್ದಿತ್ತಾ? ನಾವೂ ನೋಡಿ ಹೆಜ್ಜೆ ಇಡ್ತಿದ್ವಿ."

"ಅಮ್ಮ, ಆಮೇಲೆ ಮಾತಾಡೋಣ" ಎಂದಳು ಅಕ್ಕ.

"ನಾನೇನು ತಪ್ಪು ಹೇಳಿದೆ? ವಿಜ್ಞಾನದವರು ಹೇಳಿದ್ದು."

ತಂಗಿ ಗೋಡೆಯ ಕಡೆ ಹೊರಳಿದಳು. ಅತ್ತೆ ನೀರು ತರಲು ಎದ್ದು ಹೋದ ಮೇಲೆ ಮೆಲ್ಲಗೆ ಕೇಳಿದಳು, "ನನ್ನಿಂದಾನೇ ಹೀಗಾಯ್ತಾ?"

"ಇಲ್ಲ."

"ಇಲ್ಲ ಅಂತ ಗೊತ್ತಾ, ಇಲ್ಲ ಅಂತ ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯಾ? ಆ ಗಂಟೆ ಕಂಡುಹಿಡಿದವಳು ನೀನೇ ತಾನೇ?"

ಟಿವಿಯ ದಿನ ಗಾಳಿ ಸುರಿಯುವ ಬದಲು ಒಂದು ಮಾತು ಆಡಿದ್ದರೆ ಸಾಕಿತ್ತು ಎಂದು ಅಕ್ಕನಿಗೆ ಅನಿಸಿತು.

ಆಮೇಲಿನ ವಾರಗಳಲ್ಲಿ ಅಕ್ಕ ಎರಡು ಕೆಲಸ ಮಾಡಿದಳು. ಬೆಳಿಗ್ಗೆ ಮಕ್ಕಳ ವಿಭಾಗಕ್ಕೆ ಹೋಗಿ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುವುದು. ಆಮೇಲೆ ಲ್ಯಾಬಿಗೆ ಹೋಗಿ ಮೇಜಿನ ಮುಂದೆ ಕೂರುವುದು. ದಿನ ತುಂಬಿ ಹೆತ್ತ ತಾಯಂದಿರ ಒಪ್ಪಿಗೆ ಪಡೆದು, ಅವರ ಮಕ್ಕಳ ಪೊರೆಯನ್ನು ತುಂಡು ಮಾಡಿದಳು. ಒಂದು ತುಂಡು ಕೂಡಲೇ ಐಸಿಗೆ. ಉಳಿದವನ್ನು ಬೇಸಿನ್ನಿನಲ್ಲಿ ಕಾಯಲು ಬಿಟ್ಟು, ಒಂದೊಂದಾಗಿ ತಡಮಾಡಿ ಐಸಿಗೆ ಹಾಕಿದಳು. ಈ ಮಕ್ಕಳಲ್ಲಿ ಯಾರೂ ಬೇಗ ಹುಟ್ಟಿದವರಲ್ಲ. ಕೂಡಲೇ ಐಸಿಗೆ ಬಿದ್ದ ತುಂಡಿನಲ್ಲಿ ಗಂಟೆ ಜೀನ್ ಮಲಗಿತ್ತು. ಸ್ವಲ್ಪ ಕಾದದ್ದರಲ್ಲಿ ಎದ್ದು ಕೂತಿತ್ತು. ತುಂಬಾ ಕಾದದ್ದರಲ್ಲಿ ಕುಣಿಯುತ್ತಿತ್ತು. ಒಬ್ಬ ತಾಯಿಯದಲ್ಲ, ನೋಡಿದ ಎಲ್ಲರದೂ ಹಾಗೇ. ಪೊರೆ ಹೆರಿಗೆಯ ಗಂಟೆ ಬಾರಿಸಿರಲಿಲ್ಲ. ಗಂಟೆಗಟ್ಟಲೆ ಬೇಸಿನ್ನಿನಲ್ಲಿ ಬಿದ್ದು, ಉಸಿರುಗಟ್ಟಿ, ಗೋಳಿಟ್ಟಿತ್ತು. ಆ ಗೋಳನ್ನು ಅಳೆದು, ಬಣ್ಣ ಹಚ್ಚಿ, ಲೇಖನ ಮಾಡಿದ್ದರು.

ಅಕ್ಕ ದೊಡ್ಡ ಸರ್ ಕೋಣೆಗೆ ಹೋಗಿ ಎಲ್ಲವನ್ನೂ ತೋರಿಸಿದಳು. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಚಿತ್ರ ಹಾಗೇ ಇತ್ತು.

"ವಿಜ್ಞಾನದಲ್ಲಿ ತಾಳ್ಮೆ ಬೇಕು" ಎಂದರು. "ಅವಸರದಲ್ಲಿ ತೀರ್ಮಾನಕ್ಕೆ ಬರಬಾರದು."

"ಹೌದು ಸರ್."

"ಮುಂದಿನ ತಿಂಗಳು ನನಗೆ ಸನ್ಮಾನ ಇದೆ. ಗೊತ್ತಲ್ಲ?"

"ಗೊತ್ತು ಸರ್."

"ಅದು ಮುಗೀಲಿ. ಆಮೇಲೆ ನಿಧಾನವಾಗಿ ಇನ್ನೊಂದು ಲೇಖನ ಬರೆಯೋಣ. ಗಂಟೆ ಜೀನ್, ಭಾಗ ಎರಡು."

"ಸರ್, ನಿಮ್ಮ ಆ ಮಾತು ಕೇಳಿ ನನ್ನ ತಂಗಿ ಅತ್ತೆ ಇಡೀ ವಾರ್ಡಿನ ಮುಂದೆ ಅವಳ ವಂಶ ಸರಿ ಇಲ್ಲ ಅಂದ್ರು. ಅವಳು ಆವತ್ತಿಂದ ಸರಿಯಾಗಿ ಊಟ ಮಾಡ್ತಿಲ್ಲ. ಅವಳೊಬ್ಬಳೇ ಅಲ್ಲ. ಎಷ್ಟು ಮನೇಲಿ ಇದೇ ಮಾತಾಗ್ತಿದೆಯೋ. ಬುಧವಾರ ಮೀಟಿಂಗಲ್ಲಿ ಇದನ್ನ ತೋರಿಸ್ತೀನಿ."

"ತೋರಿಸ್ತೀರಾ" ಎಂದರು ದೊಡ್ಡ ಸರ್. ಅವರ ದನಿಯಲ್ಲಿ ಪ್ರಶ್ನೆಯೂ ಇರಲಿಲ್ಲ, ಒಪ್ಪಿಗೆಯೂ ಇರಲಿಲ್ಲ. ಕೆಲಸ ಹೋದರೆ ಬೇರೆ ಎಲ್ಲಿ ಸಿಗುತ್ತದೆ ಎಂದು ಅಕ್ಕ ಮೆಟ್ಟಿಲಿಳಿಯುವಷ್ಟರಲ್ಲಿ ಮನಸ್ಸಿನಲ್ಲೇ ಎಲ್ಲ ಊರುಗಳನ್ನೂ ಸುತ್ತಿ ಬಂದಳು.

ಬುಧವಾರದ ಮೀಟಿಂಗಿಗೆ ಜನ ಬರುವುದು ಬಿಸ್ಕತ್ತಿಗಾಗಿ. ಆ ದಿನ ಬಿಸ್ಕತ್ತು ಯಾರೂ ಮುಟ್ಟಲಿಲ್ಲ. ಅಕ್ಕ ನಿಧಾನವಾಗಿ, ಯಾರ ಹೆಸರನ್ನೂ ಎತ್ತದೆ ಹೇಳಿದಳು: ಇದು ನಾವು ಮೊದಲು ಕಂಡದ್ದು, ಇದು ನಾವು ನೋಡದೆ ಬಿಟ್ಟದ್ದು, ಇದು ಈಗ ಕಂಡದ್ದು. ಪಕ್ಕದ ವಿಭಾಗದಿಂದ ಪ್ರಯೋಗಗಳ ಅಂಕಿಅಂಶ ನೋಡಲು ಬರುತ್ತಿದ್ದ ಮೇಡಂ ಒಬ್ಬರು ಕೇಳಿದರು, "ಹಾಗಾದ್ರೆ ಅಚ್ಚಾಗಿರೋ ಲೇಖನದ ಗತಿ?"

ಎಲ್ಲರೂ ದೊಡ್ಡ ಸರ್ ಕಡೆ ತಿರುಗಿದರು. ಅವರು ಎದ್ದು ನಿಂತರು, ಗಂಟಲು ಸರಿಮಾಡಿಕೊಂಡರು.

"ನೋಡಿ, ಈ ಅನುಮಾನ ನನಗೆ ಮೊದಲಿಂದಲೂ ಇತ್ತು" ಎಂದರು. "ಅದಕ್ಕೇ ನಾನೇ ಇವರಿಗೆ ನೋಡಿ, ನೋಡಿ ಅಂತ ಹೇಳ್ತಾ ಬಂದಿದ್ದು. ಲೇಖನ ವಾಪಸ್ ತಗೋಳೋಣ. ಸತ್ಯಕ್ಕಿಂತ ದೊಡ್ಡದು ಯಾವುದಿದೆ?"

ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಬಿಸ್ಕತ್ತು ಖರ್ಚಾಯಿತು.

ಲೇಖನ ವಾಪಸಾಯಿತು. ಟಿವಿಯವರಿಗೆ ಅಕ್ಕ ತಾನೇ ಫೋನ್ ಮಾಡಿದಳು. ಗಂಟೆ ಇದ್ದದ್ದು ಸುದ್ದಿ, ಇಲ್ಲದ್ದು ಸುದ್ದಿಯಲ್ಲ ಎಂಬುದನ್ನು ಅವರು ಬಹಳ ವಿನಯದಿಂದ ತಿಳಿಸಿದರು. ಸನ್ಮಾನವೂ ತಪ್ಪಲಿಲ್ಲ. ದೊಡ್ಡ ಸರ್ ಭಾಷಣದ ವಿಷಯ ಮಾತ್ರ ಬದಲಾಯಿತು: 'ಸಂಶೋಧನೆಯಲ್ಲಿ ಪ್ರಾಮಾಣಿಕತೆ'. ಬಹಳ ಚೆನ್ನಾಗಿ ಮಾತನಾಡಿದರಂತೆ.

ಟಿವಿ ಹೇಳದಿದ್ದುದನ್ನು ಅಕ್ಕ ತಾನೇ ಅತ್ತೆಗೆ ಹೇಳಬೇಕಾಯಿತು. ಮಕ್ಕಳ ವಿಭಾಗದ ಹೊರಗೆ ಕೈ ತೊಳೆಯುವ ತೊಟ್ಟಿಯ ಬಳಿ ಅತ್ತೆ, ತಂಗಿಯ ಗಂಡ, ತಂಗಿ ಮೂವರೂ ನಿಂತಿದ್ದರು. ಮಗುವಿನ ಮೂಗಿನ ಕೊಳವೆ ತೆಗೆದಿದ್ದ ದಿನ ಅದು.

"ಅಮ್ಮ, ಆ ಗಂಟೆ ಜೀನ್ ಇದೆಯಲ್ಲ, ಅದು ಸುಳ್ಳು. ನಾವೇ ತಪ್ಪು ಮಾಡಿದ್ವಿ. ಲೇಖನ ವಾಪಸ್ ತಗೊಂಡಿದ್ದೀವಿ."

ಅತ್ತೆ ಸೋಪು ಉಜ್ಜುತ್ತಲೇ, "ಈಗ ನಿನ್ನ ತಂಗೀಗೆ ಹೀಗಾಯ್ತು ಅಂತ ಸುಳ್ಳಾಯ್ತೇನೋ" ಎಂದರು.

"ಸರಿ, ನಿಜ ಅಂತಾನೇ ಇಟ್ಕೊಳ್ಳಿ. ಆ ಪೊರೆ ಯಾರದು ಹೇಳಿ?"

"ಯಾರದು ಅಂದ್ರೆ? ಹೆತ್ತವಳದು."

"ಅಲ್ಲ. ಮಗುದು. ಮಗು ಬೆಳೀತಾ ತನ್ನ ಸುತ್ತ ತಾನೇ ಕಟ್ಟಿಕೊಳ್ಳೋದು ಅದು. ಮಗು ಅರ್ಧ ಇವಳದು, ಅರ್ಧ ನಿಮ್ಮ ಮಗಂದು. ಅದರಲ್ಲಿ ಗಂಟೆ ಇದ್ದಿದ್ರೆ, ನಿಮ್ಮ ಮನೆಯಿಂದಲೂ ಬಂದಿರಬಹುದು."

ಅತ್ತೆಯ ಕೈ ನಲ್ಲಿಯ ಕೆಳಗೆ ನಿಂತಿತು. ವಿಜ್ಞಾನದ ಮೇಲಿನ ಅವರ ಗೌರವ ಅದೇ ನೀರಿನಲ್ಲಿ ಸೋಪಿನ ನೊರೆಯ ಜೊತೆ ಹರಿದು ಹೋದದ್ದು ಎಲ್ಲರಿಗೂ ಕಾಣಿಸಿತು. "ಟಿವಿಯವರು ಹೇಳೋದನ್ನೆಲ್ಲ ನಂಬೋಕಾಗತ್ತಾ, ಬಿಡಮ್ಮ" ಎಂದರು.

ಅಷ್ಟು ದಿನ ಬಾಯಿ ಬಿಡದಿದ್ದ ತಂಗಿಯ ಗಂಡ ಆಗ ಬಾಯಿ ಬಿಟ್ಟ. "ಅಮ್ಮ, ನಾನೂ ದಿನ ತುಂಬೋಕೆ ಮುಂಚೆ ಹುಟ್ಟಿದ್ದಲ್ವಾ? ಅತ್ತೆ ಯಾವಾಗಲೂ ಹೇಳ್ತಿದ್ಲಲ್ಲ, ನನ್ನನ್ನ ಹತ್ತೀಲಿ ಸುತ್ತಿಟ್ಟಿದ್ರು ಅಂತ." ಅವನು ಹೇಳಿದ್ದು ಅಪ್ಪನ ತಂಗಿಯ ವಿಷಯ.

"ನೀನು ಬೇಗ ಹುಟ್ಟಲಿಲ್ಲ. ಡಾಕ್ಟರ್ ಲೆಕ್ಕ ತಪ್ಪಿದ್ದು."

"ಹತ್ತಿ?"

"ಚಳಿ ಇತ್ತು."

ತಂಗಿಗೆ ನಗು ಬಂತು. ವಾರಗಳ ನಂತರ ಬಂದ ನಗು, ಹಾಗಾಗಿ ಸ್ವಲ್ಪ ಅಳುವಿನಂತೆಯೇ ಕೇಳಿಸಿತು. ಅತ್ತೆ ಅವಳನ್ನು ನೋಡಿದರು. ಬೈಯಬಹುದು ಎಂದು ಎಲ್ಲರೂ ಅಂದುಕೊಂಡರು. ಅವರು ಕೈ ಒರೆಸಿಕೊಳ್ಳುತ್ತಾ, ಯಾರನ್ನೂ ನೋಡದೆ ಹೇಳಿದರು:

"ಬಸುರೀಲಿ ನಾನು ತೊಳೆದ ಬೆಡ್‌ಶೀಟು ಎತ್ತಿ ಹಗ್ಗದ ಮೇಲೆ ಹಾಕಿದೆ ಅಂತ ಹೇಳಿದ್ರು. ಅದಕ್ಕೇ ಬೇಗ ಆಯ್ತು ಅಂತ. ನಮ್ಮತ್ತೆ ಸಾಯೋತನಕ ಅದನ್ನೇ ಹೇಳಿದ್ಲು. ಆಮೇಲೆ ನಾನು ಇವತ್ತಿನವರೆಗೂ ಬೆಡ್‌ಶೀಟು ಒಣಹಾಕಿಲ್ಲ."

ಅದು ನಿಜ. ಆ ಮನೆಯಲ್ಲಿ ಬೆಡ್‌ಶೀಟು ಒಣಹಾಕುತ್ತಿದ್ದದ್ದು ಗಂಡಸರೇ. ಅದು ಅತ್ತೆಯ ದರ್ಬಾರು ಎಂದು ತಂಗಿ ಮದುವೆಯಾದಾಗಿನಿಂದ ಅಂದುಕೊಂಡಿದ್ದಳು.

"ಅಮ್ಮ, ಬೆಡ್‌ಶೀಟಿಂದ ಆಗಲ್ಲ" ಎಂದಳು ಅಕ್ಕ.

"ಮತ್ತೆ ಯಾತರಿಂದ ಆಗತ್ತೆ?"

"ಗೊತ್ತಿಲ್ಲ."

"ಅಷ್ಟು ಓದಿ?"

"ಓದೋಕೆ ಮುಂಚೆ ಗೊತ್ತಿತ್ತು."

ಅತ್ತೆ ಸೊಸೆಯ ಕಡೆ ತಿರುಗಿ, "ನೀನು ಹೋಗಿ ಏನಾದ್ರೂ ತಿಂದು ಬಾ. ಮುಖ ನೋಡು, ಹೇಗಾಗಿದೆ" ಎಂದು ಗದರಿದರು. ಕ್ಷಮೆ ಕೇಳುವುದು ಅವರಿಗೆ ಬರುತ್ತಿರಲಿಲ್ಲ. ಗದರುವುದರಲ್ಲೇ ಎಲ್ಲವನ್ನೂ ಹೊಂದಿಸಿಕೊಳ್ಳಬೇಕಿತ್ತು.

ಮಗುವನ್ನು ಎದೆಗೆ ಅಪ್ಪಿ ಬೆಚ್ಚಗೆ ಹಿಡಿಯಬೇಕು ಎಂದು ನರ್ಸ್ ಹೇಳಿದ್ದಳು. ತಾಯಿಗೆ ಆಯಾಸವಾದರೆ ಮನೆಯವರು ಯಾರಾದರೂ ಹಿಡಿಯಬಹುದಿತ್ತು. ತಂಗಿ ಗಂಡನ ಜೊತೆ ಕ್ಯಾಂಟೀನಿನಲ್ಲಿ ತಟ್ಟೆ ಖಾಲಿ ಮಾಡಿ ಬಂದು ನೋಡಿದರೆ, ಅತ್ತೆ ಆಸ್ಪತ್ರೆಯ ಹಸಿರು ಗೌನು ತೊಟ್ಟು, ಎದೆಯ ಮೇಲೆ ಮೊಮ್ಮಗಳನ್ನು ಮಲಗಿಸಿಕೊಂಡು, ಅಲುಗಾಡದೆ ಕೂತಿದ್ದರು. ಅಕ್ಕ ಪಕ್ಕದಲ್ಲಿ ನಿಂತು ಅವರಿಗೆ ಬೀಸಣಿಗೆ ಬೀಸುತ್ತಿದ್ದಳು, ಯಾಕೆಂದರೆ ಆ ಕೋಣೆಯ ಸೆಕೆ ಮಕ್ಕಳಿಗೆಂದು ಮಾಡಿದ್ದು, ಅಜ್ಜಿಯರಿಗೆಂದಲ್ಲ.

"ಏ ಇವಳೇ, ಲ್ಯಾಬಿಗೆ ಹೋಗಲ್ವಾ?" ಎಂದಳು ತಂಗಿ.

"ಹೋಗ್ಬೇಕು. ಮೊದಲಿಂದ ಶುರು ಮಾಡ್ಬೇಕು."

"ಮೊದಲಿಂದ ಅಂದ್ರೆ?"

"ಹೆರಿಗೆ ಕೋಣೇಲೇ ಐಸ್ ಇಡಿಸಿದ್ದೀನಿ. ಎಲ್ಲಾ ಪೊರೆನೂ ಒಂದೇ ಹೊತ್ತಿಗೆ ಐಸಿಗೆ ಹೋಗ್ಬೇಕು. ಹಳೇದೆಲ್ಲ ಬಿಸಾಕಿ ಹೊಸದಾಗಿ ನೋಡ್ಬೇಕು."

"ಎಷ್ಟು ವರ್ಷ ಆಗತ್ತೆ?"

"ಇವಳು ಶಾಲೆಗೆ ಹೋಗೋ ಹೊತ್ತಿಗೆ ಏನಾದ್ರೂ ಗೊತ್ತಾಗಬಹುದು. ಆಗದೆಯೂ ಇರಬಹುದು."

"ಮೆಲ್ಲಗೆ ಮಾತಾಡಿ ಇಬ್ಬರೂ" ಎಂದರು ಅತ್ತೆ ಕಣ್ಣು ಮುಚ್ಚಿಕೊಂಡೇ. "ಈಗಷ್ಟೇ ನಿದ್ದೆ ಹತ್ತಿದೆ."

ಇಬ್ಬರೂ ಸುಮ್ಮನಾದರು. ಮಗುವಿನ ಬೆನ್ನು ಅಜ್ಜಿಯ ಅಂಗೈ ಕೆಳಗೆ ಏರುತ್ತಿತ್ತು, ಇಳಿಯುತ್ತಿತ್ತು. ತಂಗಿ ಅದನ್ನೇ ನೋಡುತ್ತಾ, ಗೋಡೆಗೆ ಒರಗಿ ನೆಲದ ಮೇಲೆ ಕೂತಳು, ಸ್ವಲ್ಪ ಹೊತ್ತಿಗೆ ಅವಳಿಗೂ ನಿದ್ದೆ ಹತ್ತಿತು.